ಹುರಿ ಎಳೆಯುವವಳು ಒಳಗೆ

ಬುಗುರಿ ಬಡಿದದ್ದು ಬಲಗಡೆಯ ಗಾಜಿಗೆ.
ಹಿಂದಿನ ಮನೆಯ ಹುಡುಗ ಬೀಸಿದ, ಚಾಟಿ ಕೈಯಲ್ಲುಳಿಯಿತು,
ಮೊಳೆ ದಾರಿ ತಪ್ಪಿತು.
ಗಾಜು ಪುಡಿಯಾಗಲಿಲ್ಲ, ನೂಲು ಬಿಟ್ಟಿತು:
ಒಂದು ಚುಕ್ಕಿಯಿಂದ ಮೂಲೆಮೂಲೆಗೂ ಬಿಳಿ ಎಳೆ.
ಶಿಡ್ಲಘಟ್ಟದಲ್ಲಿ ಗಾಜು ಕೂಡ ಹೀಗೇ ಸಾಯುತ್ತದೆ.

ಐವತ್ತನಾಲ್ಕರ ಮಾರಿಸ್ ಮೈನರ್.
ಮುಂದಿನ ಗಾಜು ಒಂದಲ್ಲ, ಎರಡು,
ನಡುವೆ ಬೆರಳಗಲದ ಪಟ್ಟಿ.
ಎರಡೂ ಚಪ್ಪಟೆ. ಕಾರ್ಖಾನೆ ಬೇಡ,
ದೇವರ ಪಟಕ್ಕೆ ಕಟ್ಟು ಹಾಕುವವನು ಸಾಕು.

ಗೂಡಿನ ಮಾರ್ಕೆಟ್ಟಿನ ಹಿಂದೆ ಇನಾಯತ್ ಅಂಗಡಿ.
ರಟ್ಟಿನಲ್ಲಿ ಕತ್ತರಿಸಿದ ಅಳತೆ ಕೊಟ್ಟೆ.
ಎರಡು ಪದರದ ಗಾಜು, ಒಳಗೊಂದು ಪ್ಲಾಸ್ಟಿಕ್ ಪೊರೆ.
ಈ ಮೈಗೊಂದು ಗೀರು, ಮಗುಚಿ ಆ ಮೈಗೊಂದು,
ಗೀರಿನುದ್ದಕ್ಕೂ ಸ್ಪಿರಿಟ್ ಸುರಿದು ಕಡ್ಡಿ ಹಚ್ಚಿದ.
ನೀಲಿ ಉರಿ ಓಡಿಹೋಯಿತು, ಹಲ್ಲಿಯಂತೆ.
ಬ್ಲೇಡು ತೂರಿಸಿ ಮೆಲ್ಲಗೆ ಬಿಡಿಸಿಕೊಂಡ.
"ಗಾಜು ಮುರಿಯೋದು ಸುಲಭ ಅಕ್ಕಾ,
ನಡುವಿಂದೇ ಹಟ."

ಕೂರಿಸಲು ಇಬ್ಬರು ಬೇಕು.
ಒಳಗೊಬ್ಬರು, ಹೊರಗೊಬ್ಬರು.
ಬೇರೆ ದಾರಿ ಇಲ್ಲ. ಯೋಚಿಸಿ ನೋಡಿದ್ದೇನೆ, ಎರಡು ರಾತ್ರಿ.
ಅಪ್ಪ ಬರೆದಿಟ್ಟ ಪ್ರಕಾರ ಕಾರು ವನಜಕ್ಕನದೂ ಹೌದು, ನನ್ನದೂ ಹೌದು,
ನಮ್ಮಿಬ್ಬರ ಮಾತು ನಿಂತು ಎರಡು ಗೌರಿಹಬ್ಬ ಕಳೆದಿವೆ.
ಯಾಕೆಂದು ಕೇಳಿದರೆ ಅವಳು ಏನೋ ಒಂದು ಹೇಳುತ್ತಾಳೆ.
ನಾನು ಹೇಳುವುದು ಸರಿ.

ಹುಡುಗನ ಕೈಲಿ ಹೇಳಿಕಳಿಸಿದೆ, ಬುಗುರಿಯ ಹುಡುಗನ ಕೈಲೇ.
ಭಾನುವಾರ ಬಂದಳು, ಸೆರಗು ಸಿಕ್ಕಿಸಿಕೊಂಡು.
ನನ್ನ ನೈಲಾನ್ ಹಗ್ಗ ನೋಡಿ ಮೂಗು ಮುರಿದಳು,
ಚೀಲದಿಂದ ತನ್ನದನ್ನು ತೆಗೆದಳು:
ಅವಳ ಮಿಷನ್ನಿನ ಕಳಪೆ ನೂಲು,
ಎಂಟೆಳೆ ಸೇರಿಸಿ ತೊಡೆಯ ಮೇಲೆ ಹೊಸೆದ ಹುರಿ,
ಇನ್ನೂ ಬೇಯಿಸಿದ ಹುಳದ ವಾಸನೆ.

ಗಾಜಿನ ಸುತ್ತ ರಬ್ಬರು ತೊಡಿಸಿ
ರಬ್ಬರಿನ ಸೀಳಿನೊಳಗೆ ಹುರಿ ಇಳಿಸಿ
ಎರಡು ತುದಿ ಒಂದರ ಮೇಲೊಂದು ಹಾಯಿಸಿ
ಸೋಪಿನ ನೀರು ಬಳಿದೆವು. ಒಂದು ಮಾತಿಲ್ಲ.
ಅವಳು ಹೊರಗಿಂದ ಎತ್ತಿ ಹಿಡಿದಳು.
ನಾನು ಅಪ್ಪನ ಸೀಟಿನಲ್ಲಿ, ಹುರಿಯ ತುದಿ ಹಿಡಿದು.

ಚಿಕ್ಕವರಿದ್ದಾಗ ಈ ಕಡೆ ನಮಗೆ ಪ್ರವೇಶವಿರಲಿಲ್ಲ.
ಎಡಗಡೆಯ ಒಂದೇ ಗಾಜಿಗೆ ಇಬ್ಬರ ಜಗಳ,
ಉಸಿರು ಬಿಟ್ಟು ಬೆರಳಲ್ಲಿ ಬರೆಯಲು.
ಅವಳು ಬರೆದದ್ದನ್ನು ನಾನು ಅಳಿಸುತ್ತಿದ್ದೆ.
ನಾನು ಬರೆದದ್ದು, ಮುರುಗಮಲ್ಲ ತಲುಪುವಷ್ಟರಲ್ಲಿ, ತಾನೇ ಅಳಿಸಿಹೋಗುತ್ತಿತ್ತು.

ಎಳೆದೆ. ರಬ್ಬರಿನ ತುಟಿ ತಗಡನ್ನು ದಾಟಿ ಒಳಬಂತು,
ಚೂರು, ಇನ್ನೊಂದು ಚೂರು.
ನಾನು ಎಳೆದಲ್ಲಿ ಅವಳು ಅಂಗೈಯಿಂದ ಗುದ್ದಬೇಕು,
ಅವಳು ಗುದ್ದಿದಲ್ಲಿ ನಾನು ಎಳೆಯಬೇಕು.
ಒಂದು ತಟ್ಟಿದರೆ ಮುಂದೆ.
ಎರಡು ತಟ್ಟಿದರೆ ನಿಲ್ಲು.
ಮೂರಕ್ಕೆ ಅರ್ಥ ಗೊತ್ತಾಗಲಿಲ್ಲ, ಮುಖ ನೋಡಿದೆ:
ಸೋಪಿನ ನೊರೆಯ ಹಿಂದೆ ಅಮ್ಮನ ಹುಬ್ಬು,
ಬೆವರು, ಹಲ್ಲು ಕಚ್ಚಿದ ಬಾಯಿ.
ಅಷ್ಟು ಹತ್ತಿರದಿಂದ ನೋಡಿ ಎಷ್ಟು ದಿನವಾಗಿತ್ತೋ.
ಎಳೆ ಅಂದಿದ್ದಳಂತೆ. ಜೋರಾಗಿ ಎಳೆ, ಕತ್ತೆ.

ಮೇಲಿನ ಮೂಲೆಯಲ್ಲಿ ಹುರಿ ಸಿಕ್ಕಿಕೊಂಡಿತು.
ನೈಲಾನ್ ಆಗಿದ್ದರೆ ರಬ್ಬರು ಹರಿಯುತ್ತಿತ್ತು.
ಇದನ್ನು ಅವಳಿಗೆ ಹೇಳಲಿಲ್ಲ.

ಕೊನೆಯ ಗೇಣು ಬಂದಾಗ ಗಾಜು ಟಪ್ ಎಂದು ಕೂತಿತು,
ಹುರಿ ಒದ್ದೆಯಾಗಿ ನನ್ನ ಮಡಿಲಿಗೆ ಬಿತ್ತು.
ಹೊಸ ಗಾಜಿನಲ್ಲಿ ಬೀದಿ ತೊಳೆದಿಟ್ಟಂತೆ,
ಹಳೆಯ ಗಾಜಿನಲ್ಲಿ ಅದೇ ಬೀದಿ ಮಜ್ಜಿಗೆಯಲ್ಲದ್ದಿದಂತೆ.

ಬಕೆಟ್ ನೀರು ತಂದು ಹೊರಗಿಂದ ರಾಚಿದಳು.
ಬಾಗಿಲ ಬಳಿ ಬಗ್ಗಿದಳು. ಎರಡು ಗೌರಿಹಬ್ಬ ಆದಮೇಲೆ:
"ಒಳಗೆ ಬಂತೇನೇ ನೀರು?"
ಮಂಡಿಯ ಮೇಲೊಂದು ಹನಿ ಇತ್ತು.
ಹುರಿಯದಿರಬಹುದು. ನನ್ನ ಕೈಯದೇ ಇರಬಹುದು.
"ಬಂತು," ಅಂದೆ.
"ಯಾವ ಮೂಲೆ?"
ಸುಮ್ಮನೆ ಒಂದು ಮೂಲೆ ತೋರಿಸಿದೆ.
ಬೆರಳಿಟ್ಟು ನೋಡಿದಳು, ಮತ್ತೆ ನೋಡಿದಳು.
"ಗಮ್ ಹಾಕಬೇಕು. ಬರೋ ಭಾನುವಾರ ತರ್ತೀನಿ,
ಅಲ್ಲೀವರೆಗೂ ಓಡಿಸಬೇಡ."